ತೆಗೆಯುವವರು ಯಾರು

ಘೋಡಗೇರಿ ಪಂಚಾಯಿತಿಯ ಕಟ್ಟೆಯ ಮೇಲೆ ನಕ್ಷೆ ಹಾಸಿತ್ತು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಚಹಾ ಕಪ್ಪು ಇಟ್ಟು, ರಾಚಪ್ಪ ಮೇಸ್ತ್ರಿ ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಿದ್ದ. ನಾಲ್ಕನೇ ಇಯತ್ತೆಗೇ ಸಾಲೆ ಬಿಟ್ಟ ಅವನಿಗೆ ನಕ್ಷೆ ಓದಲು ಕಲಿಸಿದವಳು ಪಕ್ಕದಲ್ಲೇ ಕೂತಿದ್ದ ಸುಮನ. ಅದೇ ಊರಿನ ಹುಡುಗಿ, ಸಿವಿಲ್ ಡಿಪ್ಲೊಮಾ ಮುಗಿಸಿದವಳು.

ರವಿವಾರ ಬಂತೆಂದರೆ ಊರ ಹಿಂದಿನ ಗುಡ್ಡಕ್ಕೆ ಚಾರಣಿಗರು ಬರುತ್ತಿದ್ದರು. ಗೋಕಾಕದಿಂದ, ಬೆಳಗಾವಿಯಿಂದ, ಹುಬ್ಬಳ್ಳಿಯಿಂದ. ಮೇಲೆ ಬಿಸಿಲಿಗೆ ನೆರಳಿಲ್ಲ, ಮಳೆಗೆ ಮರೆಯಿಲ್ಲ. ಬಂಡೆಯ ಸಂದಿಯಲ್ಲಿ ಅವರು ಕೂತೆದ್ದು ಹೋದದ್ದೆಲ್ಲ ಮೊದಲ ಮಳೆಗೆ ಹರಿದು ಊರವರು ಕುಡಿಯುವ ಬಾವಿಗೇ ಬರುತ್ತಿತ್ತು. ಎರಡು ವರ್ಷದ ಹಿಂದೆ ವಾಂತಿಭೇದಿಯಾಗಿ ಹನ್ನೊಂದು ಮಂದಿ ದವಾಖಾನೆ ಸೇರಿದ ಮೇಲೆ, ಗುಡ್ಡದ ನೆತ್ತಿಗೊಂದು ತಂಗುಮನೆ ಬೇಕೆಂದು ಠರಾವಾಯಿತು.

ಸುಮನ ಬರೆದ ನಕ್ಷೆಯಲ್ಲಿ ಗೋಡೆಗೆ ಗುಡ್ಡದ್ದೇ ಕಲ್ಲು, ಸುಣ್ಣದ ಗಾರೆ. ಸೂರಿಗೆ ತಗಡು, ಅದರ ಮೇಲೆ ಕಾವು ತಡೆಯಲು ರೈತರು ಹೊಲದಲ್ಲೇ ಸುಟ್ಟುಹಾಕುವ ಕಬ್ಬಿನ ಒಣ ಗರಿ, ರವದಿ. ಬಂಡೆಯಲ್ಲಿ ಗುಂಡಿ ತೋಡುವಂತಿಲ್ಲ, ಸುರಿಯಲು ನೀರೂ ಇಲ್ಲ. ಅದಕ್ಕೇ ನೀರು ಬೇಡದ, ಎರಡು ಕೋಣೆಯ ಪಾಯಖಾನೆ. ಒಂದು ತುಂಬಿದಾಗ ಬೂದಿ, ರವದಿ ಹಾಕಿ ಮುಚ್ಚಿಟ್ಟರೆ ವರ್ಷದಲ್ಲಿ ಗೊಬ್ಬರ, ಅಲ್ಲಿಯವರೆಗೆ ಇನ್ನೊಂದು. ಪರೀಕ್ಷೆಗೆಂದು ಅಂಥದೊಂದನ್ನು ಅವಳೂ ರಾಚಪ್ಪನೂ ಸೇರಿ ಗುಡ್ಡದ ಬುಡದಲ್ಲಿ ಕಟ್ಟಿದ್ದರು. ಮುಚ್ಚಿದ ಕೋಣೆಗೆ ಬರುವ ರವಿವಾರ ವರ್ಷ ತುಂಬುತ್ತಿತ್ತು. ತೆಗೆದು ನೋಡಿ, ಸರಿಯಿದ್ದರೆ ಮೇಲೆ ಕೆಲಸ ಶುರು.

"ಎಲ್ಲಾ ಛಲೋ ಐತಿ. ಆದ್ರ ಅದನ್ನ ತಗಿಯೋರು ಯಾರೋ ಮಾರಾಯಾ?" ಎಂದ ಪಂಚಾಯಿತಿ ಸದಸ್ಯ ಬಸವಣ್ಣೆಪ್ಪ.

ರಾಚಪ್ಪ ನಕ್ಕ. "ಅದಕ್ಯಾಕ ಚಿಂತಿ? ನಮ್ಮ ಸೋಮಲಿಂಗ ಇಲ್ಲೇನು? ಅವನ ಮನಿತನಕ್ಕ ಇದೇನ್ ಹೊಸಾದಲ್ಲ. ಪಗಾರಾ ಛಲೋ ಕೊಡೂಣು."

ಸೋಮಲಿಂಗ ಸುಮನಳ ತಂದೆ.

ತಪ್ಪೆನ್ನುವಂಥದ್ದು ಅದರಲ್ಲೇನೂ ಕಟ್ಟೆಯ ಮೇಲಿದ್ದವರಿಗೆ ಕಾಣಲಿಲ್ಲ. ಬಸವಣ್ಣೆಪ್ಪನಂತೂ ಸಮಾಧಾನದಿಂದ ತಲೆ ತೂಗಿದ. ಸುಮನ ಕಪ್ಪುಗಳನ್ನು ಒಂದೊಂದಾಗಿ ಬದಿಗಿಟ್ಟು ನಕ್ಷೆ ಸುತ್ತಿದಳು.

"ಗ್ವಾಡಿಗೆ ಯಾರು, ಸೂರಿಗೆ ಯಾರು ಅಂತ ಒಂದು ತಾಸು ಮಾತಾಡಿದ್ರಿ ಕಾಕಾ. ಇದಕ್ಕ ನಿಮಗ ಒಂದು ಮಿನಿಟನೂ ಹಿಡೀಲಿಲ್ಲ," ಎಂದಳು. "ರವಿವಾರ ನಾ ಬರೂದಿಲ್ರಿ."

ನಕ್ಷೆಯನ್ನು ಅವನ ತೊಡೆಯ ಮೇಲಿಟ್ಟು ಹೊರಟುಹೋದಳು.

"ನಾ ಏನ್ ಕೆಟ್ಟ ಮನಸಿಂದ ಅಂದ್ನೇನು? ಅವಗೊಂದು ಕೆಲಸ ಸಿಗತೈತಿ ಅಂತ ಅಂದೆ," ಎಂದು ರಾಚಪ್ಪ ಮನೆಯಲ್ಲಿ ಹೆಂಡತಿಯ ಮುಂದೆ ಹೇಳಿಕೊಂಡ.

ಶಿವಗಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಕೆಟ್ಟ ಮನಸಿಂದ ಅಂದಿದ್ರ ಆಕಿ ನಾಕು ಮಾತು ಬೈದು ಹಗುರಾಗಿ ಹೋಗತಿದ್ಲು. ನೀವು ಪ್ರೀತಿಲೇ ಅಂದೀರಿ. ಅದಕ್ಕ ಉತ್ತರ ಎಲ್ಲಿಂದ ತರಬೇಕು ಆಕಿ?"

"ಯಾರಾರ ತಗೀಬೇಕಲ್ಲ?"

"ತಗೀಬೇಕು. ದಿನಾ ಎಮ್ಮಿ ಸಗಣಿ ಬಳಿಯೂದು ನಾನೂ ನೀವೂ. ಅದಕ್ಕ ಮನಿತನ ಕೇಳೀರೇನು?"

ಯಾವ ಕೆಲಸವೂ ಕೀಳಲ್ಲವೆಂದು ಮಠದಲ್ಲಿ ಕೇಳುತ್ತಲೇ ಬೆಳೆದ ಮನುಷ್ಯ. ರೊಟ್ಟಿಯ ತಾಟನ್ನು ಬದಿಗೆ ಸರಿಸಿ ಎದ್ದ.

ಮರುದಿನ ಮೂಡಲಗಿ ಬಸ್ಸು ಹತ್ತಿದ. ಹತ್ತು ವರ್ಷದ ಹಿಂದೆ ಗುಂಡಿ ಬಳಿಯುವುದನ್ನು ಬಿಟ್ಟ ಸೋಮಲಿಂಗ ಅಲ್ಲಿ ಕಾಯಿಪಲ್ಲೆ ಮಾರುತ್ತಿದ್ದ. ಘೋಡಗೇರಿಯಲ್ಲಿ ಅವನ ಕೈಯ ಬದನೆಕಾಯಿಯನ್ನು ಯಾರೂ ಕೊಳ್ಳಲಿಲ್ಲ. ಮೂಡಲಗಿಯಲ್ಲಿ ಯಾರೆಂದು ಕೇಳುವವರಿಲ್ಲ.

"ಸೋಮಲಿಂಗಾ, ನಿನ್ನಿ ನಾ ಅಂದದ್ದು..."

"ಮೆಲ್ಲಕ ಮಾತಾಡ್ರಿ. ಇಲ್ಲಿ ನಾ ಬರೇ ಕಾಯಿಪಲ್ಲೆ ಮಾರಾವ." ಗಿರಾಕಿಯೊಬ್ಬಳಿಗೆ ಹೀರೇಕಾಯಿ ತೂಗಿ ಕೊಟ್ಟು, ಅವಳು ದೂರ ಹೋಗುವವರೆಗೂ ಕಾದ. "ಕೆಲಸದ ಮ್ಯಾಲೆ ನನಗ ಸಿಟ್ಟಿಲ್ರಿ. ಹೊಲಸು ತೊಳಕೊಂಡ್ರ ಹೋಗತೈತಿ. ನಿಮ್ಮನಿ ಗುಂಡಿ ಬಳದ ದಿನ ನಿಮ್ಮವ್ವ ಎತ್ತರದಿಂದ ನನ್ನ ಕೈಗೆ ನೀರು ಸುರದ್ಲು. ನೀವು ಬಾಜೂಕ ನಿಂತು ಮಳಿ ಬೆಳಿ ಮಾತಾಡಿದ್ರಿ. ಭಾಳ ಛಲೋ ಮಾತಾಡಿದ್ರಿ."

"ತಪ್ಪಾತಪಾ."

"ಆ ಗುಂಡಿ ನನ್ನ ಬಾಗಲಕ್ಕ ಮತ್ತ ಬರಬಾರದಂತ ಮಗಳನ್ನ ಓದಿಸಿದ್ನಿ. ಆಕಿ ನಕ್ಷಿ ಹತ್ತೇ ಬಂತು ನೋಡ್ರಿ."

ಅಂಥ ದಿನವೊಂದು ರಾಚಪ್ಪನಿಗೆ ನೆನಪೇ ಇರಲಿಲ್ಲ. ಅದು ನೆನಪಿಲ್ಲವೆಂಬುದೇ ದಾರಿಯುದ್ದಕ್ಕೂ ಅವನನ್ನು ಕುಟುಕಿತು.

ರವಿವಾರ ಗುಡ್ಡದ ಬುಡದಲ್ಲಿ ಮಂದಿ ಗಾಳಿ ನೋಡಿಕೊಂಡು ದೂರ ನಿಂತಿದ್ದರು. "ಕಲ್ಲೋಳಿಯಿಂದ ಯಾರನ್ನಾರ ಕರಸೂಣು," ಎಂದ ಬಸವಣ್ಣೆಪ್ಪ, ಮೂಗಿಗೆ ಹಿಡಿದ ಕರವಸ್ತ್ರದ ಒಳಗಿನಿಂದ.

"ಬ್ಯಾಡ್ರಿ." ರಾಚಪ್ಪ ಧೋತರ ಮೇಲೆ ಕಟ್ಟಿ ಬೂಟು, ಕೈಗವಸು ಹಾಕಿಕೊಂಡ.

ಬಸವಣ್ಣೆಪ್ಪ ಹತ್ತಿರ ಬಂದು ದನಿ ತಗ್ಗಿಸಿದ. "ಹುಚ್ಚದೀಯೇನು? ನಿನ್ನ ಹಿತಕ್ಕ ಹೇಳಾಕತ್ತೇನಿ. ನಾಳೆ ದೇವರಮನಿ ಕಟ್ಟಾಕ ನಿನ್ನ ಯಾರು ಕರೀತಾರ?"

"ಕರೀಲಿಕ್ಕಿಲ್ಲ," ಎಂದ ರಾಚಪ್ಪ. ಅದು ಸುಳ್ಳಲ್ಲವೆಂದು ಅವನಿಗೂ ಗೊತ್ತಿತ್ತು.

ಹಾಸುಗಲ್ಲು ಸರಿಸಿ ಮೊದಲ ಸಲಿಕೆ ಹಾಕುವಾಗ ಕಣ್ಣು ತಾನಾಗಿ ಮುಚ್ಚಿತು. ತೆರೆದರೆ ಕಪ್ಪು ಪುಡಿ, ಹದವಾದ ಹೊಲದ ಮಣ್ಣಿನ ವಾಸನೆ. ಬುಟ್ಟಿ ತುಂಬಿ ತುಂಬಿ ಹೊರಗೆ ಸುರಿದ. ಆದರೆ ಹಿಂದಿನ ಮೂಲೆ ಹಸಿಯಿತ್ತು. ಅಲ್ಲಿಗೆ ಸಲಿಕೆ ತಾಗಿದ್ದೇ ತಡ, ಹೊರಗೆ ಓಡಿಬಂದು ವಾಂತಿ ಮಾಡಿಕೊಂಡ. ಯಾರೋ ಕಿಸಕ್ಕನೆ ನಕ್ಕರು. ಬಾಯಿ ಒರೆಸಿಕೊಂಡು ಮತ್ತೆ ಒಳಗೆ ಹೋದ. ಕೈಗವಸು ಹರಿದು ಬೆರಳಿಗೆ ತೇವ ತಾಗಿತ್ತು.

ತಿರುಗಿ ನೋಡಿದರೆ ಸುಮನ ಬಂದು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಾಗಿತ್ತೋ. ಅವನ ಮುಖ ನೋಡಲಿಲ್ಲ, ಮೂಲೆಯನ್ನೇ ನೋಡುತ್ತಿದ್ದಳು.

"ಇದು ಒಣಗಿಲ್ಲ. ಗಾಳಿ ಕಿಂಡಿ ಸಣ್ಣದಾಗೇತಿ. ಮ್ಯಾಲೆ ಕಟ್ಟೂಮುಂದ ದೊಡ್ಡದು ಮಾಡಬೇಕು," ಎಂದು ಚೀಲದಿಂದ ಅಳತೆಯ ಟೇಪು ತೆಗೆದು ಒಂದು ತುದಿ ಅವನತ್ತ ಚಾಚಿದಳು.

ರಾಚಪ್ಪ ತನ್ನ ಕೈ ನೋಡಿಕೊಂಡು ಬೆನ್ನ ಹಿಂದೆ ಸರಿಸಿದ. "ಹೊಲಸು ಹತ್ತತೈತವ್ವಾ."

"ಹತ್ತಲಿ. ಹಿಡೀರಿ."

ಈ ಸಲ ಅವನನ್ನು ಕಾಕಾ ಎಂದು ಕರೆಯಲಿಲ್ಲ. ಆದರೆ ಚಾಚಿದ ಕೈಯನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ರಾಚಪ್ಪ ಹಿಡಿದ. ದೂರ ನಿಂತ ಮಂದಿಗೆ ಬೆನ್ನು ಮಾಡಿ ಇಬ್ಬರೂ ಕಿಂಡಿಯ ಅಳತೆ ತೆಗೆದರು.