ಹತ್ತು ನಿಮಿಷದ ಕೆಲಸ

ಆಪರೇಷನ್ ಥಿಯೇಟರಿನಲ್ಲಿ ಇಪ್ಪತ್ತಾರು ವರ್ಷ ಹೆಡ್ ನರ್ಸ್ ಆಗಿದ್ದ ಅಕ್ಕನನ್ನು ಊರೆಲ್ಲ ಸಿಸ್ಟರ್ ಎಂದೇ ಕರೆಯುತ್ತಿತ್ತು. ಅವಳಿಗೆ ನಿಜಕ್ಕೂ ಒಬ್ಬಳು ತಂಗಿ ಇದ್ದಾಳೆ ಎಂಬುದು ಮಾತ್ರ ಬಹಳ ಮಂದಿಗೆ ನೆನಪಿರಲಿಲ್ಲ. ಮೆಟ್ಟಿಲಿನಿಂದ ಜಾರಿ ಬಿದ್ದು ಕತ್ತಿನ ಮೂಳೆ ಮುರಿದ ಮೇಲೆ ಅಕ್ಕನಿಗೆ ಭುಜದಿಂದ ಕೆಳಗೆ ಏನೂ ಉಳಿದಿರಲಿಲ್ಲ. ಕೈಕಾಲು ಅಲ್ಲಾಡುತ್ತಿರಲಿಲ್ಲ, ಸೂಜಿ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಕತ್ತಿನಿಂದ ಮೇಲೆ ಎಲ್ಲವೂ ಮೊದಲಿಗಿಂತ ಚುರುಕಾಗಿತ್ತು. ನಾಲಿಗೆಯ ಮಾತಂತೂ ಹೇಳುವುದೇ ಬೇಡ.

ತಂಗಿ ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುತ್ತಿದ್ದಳು. ಮದುವೆ ಆಗಿರಲಿಲ್ಲ, ಅಕ್ಕನ ಮನೆಯಲ್ಲೇ ಹಿಂದಿನ ಸಣ್ಣ ಕೋಣೆಯಲ್ಲಿ ಇರುತ್ತಿದ್ದಳು. ಅಕ್ಕ ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಗಾಜು ಉಜ್ಜೋಕೆ ಬೇರೆ ಯಾರಾದರೂ ಸಿಗುತ್ತಾರೆ ಬಿಡು ಎಂದಳು. ಮಾತು ಅಲ್ಲಿಗೇ ಮುಗಿಯಿತು. ಮಾರನೇ ದಿನ ತಂಗಿ ಇಪ್ಪತ್ತೆರಡು ವರ್ಷದ ಕೆಲಸ ಬಿಟ್ಟು ಬಂದಳು. ಅಂದಿನಿಂದ ಎರಡೆರಡು ಗಂಟೆಗೊಮ್ಮೆ ಅಕ್ಕನ ಮಗ್ಗುಲು ಬದಲಿಸುವುದು, ಒರೆಸುವುದು, ಉಣ್ಣಿಸುವುದು, ಮಲಮೂತ್ರ ಬಳಿಯುವುದು. ನಾಲ್ಕು ವರ್ಷ ಹೀಗೇ ಕಳೆದಿತ್ತು.

ಎರಡನೇ ವರ್ಷ ಅಕ್ಕ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿದಳು. ಮನೆಯವರು ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು. ಅವನು ಬಲ್ಬು, ಫ್ಯಾನು, ಪರದೆ, ಬಾಗಿಲ ಚಿಲಕ, ಮಂಚದ ಮೋಟಾರು ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ, ಬಾಯಿಮಾತಿನಲ್ಲೇ ನಡೆಯುವಂತೆ ಮಾಡಿಕೊಟ್ಟ. ಒಟ್ಟು ಮೂವತ್ತನಾಲ್ಕು ಸಾಮಾನು. ಪ್ರತಿ ಕೋಣೆಯ ಚಾವಣಿಗೂ ಒಂದು ಸ್ಪೀಕರ್. ಆ ವ್ಯವಸ್ಥೆಗೆ ಒಂದು ಹೆಸರಿಡಬೇಕು ಎಂದಾಗ ಮಕ್ಕಳಿಲ್ಲದ ಅಕ್ಕ 'ಕಂದ' ಎಂದು ಇಟ್ಟಳು.

"ಕಂದ, ದೀಪ ಹಾಕಮ್ಮ," ಎನ್ನುತ್ತಿದ್ದಳು ಬೆಳಗ್ಗೆ. ದೀಪ ಹತ್ತಿದರೆ, "ಜಾಣೆ," ಎನ್ನುತ್ತಿದ್ದಳು. ತಂಗಿಯನ್ನು ಕರೆಯುವುದು ಮಾತ್ರ 'ಏ' ಎಂದು. ಏ, ಇನ್ನೂ ಅಡುಗೆಮನೆಯಲ್ಲೇ ಇದ್ದೀಯಾ. ಏ, ಮುಂಬಾಗಿಲು ತೆಗೆದು ಹನ್ನೊಂದು ನಿಮಿಷ ಆಯಿತು, ಯಾರ ಜೊತೆ ಹರಟೆ. ತಂಗಿ ಬಚ್ಚಲಿನಲ್ಲಿದ್ದರೂ ಆ ದನಿ ತಲೆಯ ಮೇಲಿನಿಂದ ಬರುತ್ತಿತ್ತು. ಬಾಗಿಲು ತೆರೆದದ್ದು, ಮುಚ್ಚಿದ್ದು, ಫ್ರಿಜ್ಜಿನ ಬಾಗಿಲು ಎಷ್ಟು ಸಲ ಬಡಿಯಿತೆಂಬುದು ಎಲ್ಲವನ್ನೂ ಕಂದ ಲೆಕ್ಕ ಇಟ್ಟು ಸಂಜೆ ಅಕ್ಕನಿಗೆ ಒಪ್ಪಿಸುತ್ತಿತ್ತು.

ನಾಲ್ಕನೇ ವರ್ಷದ ಕೊನೆಗೆ ಇಂಟರ್ನೆಟ್ ಕಂಪನಿ ಹಳೆಯ ಲೈನ್ ನಿಲ್ಲಿಸಿತು. ಹೊಸ ರೌಟರ್ ತಂದ ಲೈನ್‌ಮನ್ ಮೇನ್ ಸ್ವಿಚ್ ಆರಿಸಿ, ಗೋಡೆಯಲ್ಲಿ ತೂತು ಕೊರೆದು, ಡಬ್ಬಿ ಸಿಕ್ಕಿಸಿ, ಸಹಿ ಹಾಕಿಸಿಕೊಂಡು ಅರ್ಧ ಗಂಟೆಯಲ್ಲಿ ಹೊರಟುಹೋದ. ಹೊಸ ಡಬ್ಬಿಗೆ ಹೊಸ ಹೆಸರು, ಹೊಸ ಪಾಸ್‌ವರ್ಡ್. ಮನೆಯ ಮೂವತ್ತನಾಲ್ಕು ಸಾಮಾನುಗಳಿಗೆ ಅದರ ಪರಿಚಯವೇ ಇರಲಿಲ್ಲ.

"ಕಂದ, ಪರದೆ ಸರಿಸು," ಎಂದಳು ಅಕ್ಕ. ಏನೂ ಆಗಲಿಲ್ಲ. ಮತ್ತೆ ಹೇಳಿದಳು. ನಾಲ್ಕನೇ ಸಲಕ್ಕೆ ದನಿ ನಡುಗಿತು.

ತಂಗಿ ಹಿಂದಿನ ಅಂಗಳಕ್ಕೆ ಹೋಗಿ ಮೇಸ್ತ್ರಿಗೆ ಫೋನ್ ಮಾಡಿದಳು. ಅವನು ನಕ್ಕ. ಯಾವ ಸಾಮಾನನ್ನೂ ಮುಟ್ಟಬೇಡಿ ಎಂದ. ಹೊಸ ರೌಟರಿನ ಸೆಟ್ಟಿಂಗಿಗೆ ಹೋಗಿ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಎರಡನ್ನೂ ಒಂದಕ್ಷರವೂ ತಪ್ಪದಂತೆ ಹಾಕಿಬಿಟ್ಟರೆ ಸಾಕು, ರೌಟರ್ ಬದಲಾಗಿದೆ ಎನ್ನುವುದೇ ಅವಕ್ಕೆ ತಿಳಿಯುವುದಿಲ್ಲ, ಎಲ್ಲವೂ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಹತ್ತು ನಿಮಿಷದ ಕೆಲಸ. ಹಾಗೆ ಮಾಡದಿದ್ದರೆ ಒಂದೊಂದನ್ನೂ ಹೊಸದಾಗಿ ಜೋಡಿಸುತ್ತಾ ಕೂರಬೇಕು, ವಾರವಾದರೂ ಮುಗಿಯುವುದಿಲ್ಲ.

ಹಳೆಯ ಹೆಸರು, ಪಾಸ್‌ವರ್ಡ್ ಎರಡೂ ಬೀರುವಿನ ಬಾಗಿಲಿನ ಒಳಗೆ ಅಂಟಿಸಿದ ರಟ್ಟಿನ ಮೇಲೆ ತಂಗಿಯ ಕೈಬರಹದಲ್ಲೇ ಇದ್ದವು. ಅವಳು ಒಳಗೆ ಬಂದಳು. ಬೀರು ತೆರೆದಳು. ರಟ್ಟನ್ನು ನೋಡುತ್ತಾ ನಿಂತಳು. ಮನೆ ಎಷ್ಟು ತೆಪ್ಪಗಿದೆ ಎನ್ನುವುದು ಆಗ ಅವಳ ಗಮನಕ್ಕೆ ಬಂತು. ಮುಚ್ಚಿದ ಬಾಗಿಲಿನ ಆಚೆ ಅಕ್ಕ ಕೂಗುತ್ತಿದ್ದಳು, ಆದರೆ ಆ ಕೂಗು ಅಲ್ಲೇ ಒಂದು ಕೋಣೆಯೊಳಗೆ, ಒಬ್ಬರ ಗಂಟಲಿನಷ್ಟೇ ದೊಡ್ಡದಾಗಿತ್ತು.

ಬೀರು ಮುಚ್ಚಿ ಅಕ್ಕನ ಕೋಣೆಗೆ ಹೋದಳು.

"ಒಂದೊಂದಾಗಿ ಜೋಡಿಸ್ಬೇಕಂತೆ," ಎಂದಳು. "ಒಂದು ವಾರ ಆಗುತ್ತಂತೆ."

ಅಕ್ಕ ಮೇಸ್ತ್ರಿಯನ್ನೂ ಕಂಪನಿಯವರನ್ನೂ ಬಾಯಿಗೆ ಬಂದಂತೆ ಬೈದಳು. ಮೇಸ್ತ್ರಿಗೆ ಫೋನ್ ಹಚ್ಚು ಎಂದಳು. ಅವನು ಊರಲ್ಲಿಲ್ಲ ಎಂದಳು ತಂಗಿ. ಅಕ್ಕನ ಫೋನು ನಡೆಯುತ್ತಿದ್ದುದೂ ಕಂದನ ಮೂಲಕವೇ. ಹಾಗಾಗಿ ಆ ಮಾತನ್ನು ಸುಳ್ಳೆನ್ನಲು ಯಾರೂ ಇರಲಿಲ್ಲ.

ಮೊದಲ ದಿನ ತಂಗಿ ಪಡಸಾಲೆಯ ಬಲ್ಬೊಂದನ್ನು ಜೋಡಿಸಿದಳು. ಎರಡನೇ ದಿನ ಬಟ್ಟೆ ಒಗೆಯುವ ಯಂತ್ರ. ಅಕ್ಕನ ಕೋಣೆಯ ಒಂದನ್ನೂ ಮುಟ್ಟಲಿಲ್ಲ. ಆ ಕೋಣೆಯಲ್ಲಿ ಪರದೆ ಅರ್ಧ ತೆರೆದಿತ್ತು. ಮಧ್ಯಾಹ್ನದ ಬಿಸಿಲು ನೇರ ಅಕ್ಕನ ಕಣ್ಣಿಗೆ ಹೊಡೆಯುತ್ತಿತ್ತು. ತಂಗಿ ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದಳು.

"ಏ, ಪರದೆ ಎಳಿ."

ತಂಗಿ ಕಿವುಡಿಯಂತೆ ನಿಂತಳು.

"ಎಳಿಯೇ, ಕಣ್ಣು ಬಿಡೋಕಾಗ್ತಿಲ್ಲ."

"ಕಂದನಿಗೆ ಹೇಗೆ ಹೇಳ್ತೀಯೋ ಹಾಗೆ ಹೇಳು."

ಅಕ್ಕ ಕಣ್ಣು ಮುಚ್ಚಿಕೊಂಡು ಮುಖ ಆಚೆ ತಿರುಗಿಸಿದಳು. ಬಿಸಿಲು ಕೆನ್ನೆಗೆ ಬಂತು, ಕತ್ತಿಗೆ ಇಳಿಯಿತು. ಮುಕ್ಕಾಲು ಗಂಟೆ ಕಳೆದ ಮೇಲೆ, ಒಣಗಿದ ದನಿಯಲ್ಲಿ, "ಪರದೆ ಎಳಿಯಮ್ಮ," ಎಂದಳು. ತಂಗಿ ಎಳೆದಳು. ಜಾಣೆ ಎನಿಸಿಕೊಳ್ಳಲು ಇನ್ನೂ ಸ್ವಲ್ಪ ಹೊತ್ತು ಕಾದಳು. ಅದೂ ಬಂತು. ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕಳು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಅದೇ ದಿನ ಅಕ್ಕ, ಪಂಪಿನ ಸದ್ದು ಕೇಳಿಸುತ್ತಿಲ್ಲವಲ್ಲ ಎಂದಳು. ಅಕ್ಕನ ಕೆಳಗಿದ್ದದ್ದು ಗಾಳಿ ಹಾಸಿಗೆ. ಒಂದು ಸಣ್ಣ ಪಂಪು ಅದರ ಅರೆಗಳಿಗೆ ಗಾಳಿ ತುಂಬುತ್ತಾ ಬಿಡುತ್ತಾ, ಮೈಯ ಒಂದೇ ಜಾಗಕ್ಕೆ ಭಾರ ಬೀಳದಂತೆ ನೋಡಿಕೊಳ್ಳುತ್ತಿತ್ತು. ಆ ಪಂಪಿನ ಪ್ಲಗ್ಗೂ ಕಂದನದೇ. ಲೈನ್‌ಮನ್ ಮೇನ್ ಆರಿಸಿ ಹಾಕಿದಾಗ ಅದು ಆರಿದ್ದು ಆರಿದ ಹಾಗೇ ಉಳಿದಿತ್ತು. ಕಿತ್ತು ಪಕ್ಕದ ಗೋಡೆಯ ಪ್ಲಗ್ಗಿಗೆ ಚುಚ್ಚಿದ್ದರೆ ಆಗುತ್ತಿತ್ತು. ತಂಗಿಗೆ ಅದು ಗೊತ್ತಿತ್ತು. ಪಂಪಿನ ಸರದಿ ಇನ್ನೂ ಬಂದಿಲ್ಲ, ಹೇಗೂ ನಾನು ಮಗ್ಗುಲು ಬದಲಿಸುತ್ತೇನಲ್ಲ ಎಂದಳು.

ಮೂರನೇ ದಿನ ಹಾಗೇ ಕಳೆಯಿತು. ನಾಲ್ಕನೇ ದಿನ ಊಟ ಮುಗಿದ ಮೇಲೆ ತಂಗಿ ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ಬಾಗಿಲು ತೆರೆದದ್ದನ್ನು ಯಾರೂ ಒಪ್ಪಿಸುವವರಿರಲಿಲ್ಲ. ಕಾಲು ತಾನಾಗಿಯೇ ಹಳೆಯ ಅಂಗಡಿಗೆ ಕರೆದೊಯ್ಯಿತು. ಮಾಲೀಕ ಸ್ಟೂಲು ಎಳೆದು ಕೂರಿಸಿದ. ಸುಮ್ಮನೆ ಕೂರಲಾರದೆ ಅವಳು ಒಂದು ಗಾಜು ಕೈಗೆತ್ತಿಕೊಂಡಳು. ಕಲ್ಲು ತಿರುಗಿತು, ನೀರು ಹನಿಯಿತು, ಬೆರಳಿಗೆ ಹಳೆಯ ತಂಪು ಹತ್ತಿತು. ಏಳು ಜೊತೆ ಗಾಜು ಮುಗಿಸಿ ತಲೆ ಎತ್ತಿದಾಗ ಒಟ್ಟು ಐದು ಗಂಟೆಯ ಹೊತ್ತು ಕಳೆದಿತ್ತು, ಎರಡು ಸಲ ಮಗ್ಗುಲು ಬದಲಿಸುವುದು ತಪ್ಪಿತ್ತು. ಮನೆಗೆ ಬಂದಾಗ ಅಕ್ಕ ಬೈಯಲಿಲ್ಲ. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು. ನೀರು ಕುಡಿಸು ಎಂದಷ್ಟೇ ಹೇಳಿದಳು. ತಂಗಿ ಮರುದಿನವೂ ಹೋದಳು.

ಆರನೇ ದಿನ ಬೆಳಗ್ಗೆ ಮೈ ಒರೆಸಲು ಅಕ್ಕನನ್ನು ಮಗ್ಗುಲಿಗೆ ಹೊರಳಿಸಿದಾಗ ಬೆನ್ನಿನ ಬುಡದಲ್ಲಿ ಅಂಗೈ ಅಗಲದ ಕೆಂಪು ಕಂಡಿತು. ನಡುವೆ ಕಪ್ಪು ಊದಾ ಬಣ್ಣ. ಬೆರಳಿಟ್ಟು ಒತ್ತಿದರೂ ಬಣ್ಣ ಸರಿಯಲಿಲ್ಲ. ಇದು ಹಾಸಿಗೆ ಹುಣ್ಣಿನ ಆರಂಭ ಎಂದು ಗುರುತು ಹಿಡಿಯುವುದನ್ನು ನಾಲ್ಕು ವರ್ಷ ಅಕ್ಕನೇ ತಂಗಿಗೆ ಬೈದು ಬೈದು ಕಲಿಸಿದ್ದಳು. ಅಕ್ಕನಿಗೆ ಅದು ಕಾಣುವಂತಿರಲಿಲ್ಲ, ನೋಯುವಂತೆಯೂ ಇರಲಿಲ್ಲ.

ತಂಗಿ ಏನೂ ಹೇಳದೆ ಬಟ್ಟೆ ಎಳೆದು ಮುಚ್ಚಿದಳು. ಬೀರು ತೆರೆದು ರಟ್ಟು ಕಿತ್ತುಕೊಂಡಳು. ರೌಟರಿನ ಸೆಟ್ಟಿಂಗಿನಲ್ಲಿ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಒತ್ತಿದಳು. ರೌಟರ್ ಆರಿ ಮತ್ತೆ ಹತ್ತಿತು. ಸ್ವಲ್ಪ ಹೊತ್ತಿಗೆ ಬಚ್ಚಲಿನ ಬಲ್ಬು ಬೆಳಗಿತು, ಪರದೆ ಸರಸರ ಓಡಿತು, ಚಿಲಕ ಟಕ್ಕೆಂದಿತು, ಪಂಪು ಗುಂಯ್‌ಗುಡತೊಡಗಿತು. ಒಂದಾದ ಮೇಲೊಂದು, ಅವಳು ಹೊಸದಾಗಿ ಜೋಡಿಸಿದ್ದ ಎರಡನ್ನು ಬಿಟ್ಟು ಎಲ್ಲವೂ.

ಅಕ್ಕ ದಡ್ಡಿಯಲ್ಲ. ಎಲ್ಲ ಸದ್ದು ನಿಲ್ಲುವವರೆಗೆ ಕಿವಿಗೊಟ್ಟು ಕೇಳಿದಳು. ಆಮೇಲೆ ಮೆಲ್ಲಗೆ, ಕಂದ, ಮೇಸ್ತ್ರಿಗೆ ಫೋನ್ ಹಚ್ಚಮ್ಮ, ಎಲ್ಲ ಕೋಣೆಯಲ್ಲೂ ಕೇಳಿಸಲಿ ಎಂದಳು.

ಅಡುಗೆಮನೆಯಲ್ಲಿ ನಿಂತಿದ್ದ ತಂಗಿಯ ತಲೆಯ ಮೇಲೆ ಮೇಸ್ತ್ರಿಯ ದನಿ ಬಂತು. "ಅವತ್ತೇ ಹೇಳಿದ್ನಲ್ಲ ಸಿಸ್ಟರ್, ಹಳೇ ಹೆಸ್ರು, ಹಳೇ ಪಾಸ್‌ವರ್ಡ್ ಹಾಕಿದ್ರೆ ಹತ್ತು ನಿಮಿಷದ ಕೆಲ್ಸ ಅಂತ. ನಿಮ್ಮ ಮನೆ ಕೆಲಸದವರಿಗೆ ಹೇಳಿದ್ದೆ."

ಅಕ್ಕ ತಿದ್ದಲಿಲ್ಲ. ಎರಡು ದಿನ ಬಿಟ್ಟು ಬನ್ನಿ, ಎರಡು ಕ್ಯಾಮೆರಾ ಹಾಕಬೇಕು ಎಂದಳು.

ಮೇಸ್ತ್ರಿ ಬಂದ. ಒಂದು ಕ್ಯಾಮೆರಾ ಅಡುಗೆಮನೆಗೆ. ಇನ್ನೊಂದು ಎಲ್ಲಿಗೆ ಎಂದು ಕೇಳಿದಾಗ ಅಕ್ಕ, ಹಿಂದಿನ ಕೋಣೆಯ ಮಂಚದ ಮೇಲಕ್ಕೆ ಎಂದಳು. ಅವನು ಸ್ವಲ್ಪ ಹಿಂದೆಮುಂದೆ ನೋಡಿದ. ತಂಗಿ ಅವನು ಹತ್ತಿ ನಿಂತ ಸ್ಟೂಲನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. ಇದೇನು ಶಿಕ್ಷೆ, ಇನ್ನೂ ಎರಡು ಹಾಕಲಿ ಎನಿಸಿತು ಅವಳಿಗೆ. ಎರಡು ಗಂಟೆಗಲ್ಲ, ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದಳು. ಹುಣ್ಣು ತಾನಾಗಿ ಮಾಗಿಬಿಡಲಿ ಎಂದು ಒಳಗೊಳಗೇ ಹಂಬಲಿಸುತ್ತಿದ್ದಳು. ಮಾಗಲಿಲ್ಲ. ಹತ್ತನೇ ದಿನ ಚರ್ಮ ಒಡೆಯಿತು. ಹನ್ನೊಂದನೇ ದಿನ ಕೋಣೆಗೆ ಕಾಲಿಟ್ಟಾಗ ವಾಸನೆ ಮೂಗಿಗೆ ಬಡಿಯಿತು. ಅಕ್ಕನ ಮೂಗೂ ನೆಟ್ಟಗೇ ಇತ್ತು.

"ಎಲ್ಲಿ?" ಎಂದಳು ಅಕ್ಕ.

"ಬೆನ್ನಿನ ಬುಡದಲ್ಲಿ."

"ಎಷ್ಟು ದೊಡ್ಡದು?"

"ನಿಂಬೆಹಣ್ಣಿನಷ್ಟು."

"ಹಣ್ಣು ತರಕಾರಿ ಬೇಡ. ಅಳತೆ ಹೇಳು."

ತಂಗಿ ಗಾಜು ಅಳೆಯುವ ತನ್ನ ಹಳೆಯ ಸ್ಕೇಲು ತಂದಳು. "ಅರವತ್ತೆರಡು ಮಿಲಿಮೀಟರ್. ನಡುವೆ ಕಪ್ಪು. ಸುತ್ತ ಹಳದಿ."

"ಪಂಪ್ ಎಷ್ಟು ದಿನ ನಿಂತಿತ್ತು?"

"ಆರು."

"ಗೋಡೆಗೆ ಚುಚ್ಚಬಹುದು ಅನ್ನೋದು ಗೊತ್ತಿತ್ತಾ?"

"ಗೊತ್ತಿತ್ತು."

ಅಕ್ಕ ಚಾವಣಿ ನೋಡಿದಳು. ಥಿಯೇಟರಿನಲ್ಲಿ ಡಾಕ್ಟರುಗಳೇ ಹೆದರುತ್ತಿದ್ದ ಮುಖ ಅದು, ಒಂದು ಗೆರೆಯೂ ಅಲ್ಲಾಡಲಿಲ್ಲ. ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ಅದನ್ನು ಒರೆಸಿಕೊಳ್ಳಲು ಅವಳಿಗೆ ಕೈ ಬರುವಂತಿರಲಿಲ್ಲ, ಒರೆಸು ಎನ್ನಲು ಮನಸ್ಸು ಬರಲಿಲ್ಲ. ತಂಗಿ ಒರೆಸಲು ಬಾಗಿದಾಗ ಮುಖ ತಿರುಗಿಸಿದಳು.

ಡಾಕ್ಟರ್ ಬಂದು ನೋಡಿ, ಇಷ್ಟಾಗುವವರೆಗೆ ಏನು ಮಾಡುತ್ತಿದ್ದಿರಿ ಎಂದು ಗದರಿದರು. ರೌಟರ್ ಬದಲಾಯಿಸಿದಾಗ ಹಾಸಿಗೆಯ ಯಂತ್ರ ನಿಂತಿತ್ತು, ಯಾರಿಗೂ ಗೊತ್ತಾಗಲಿಲ್ಲ ಎಂದಳು ಅಕ್ಕ. ಡಾಕ್ಟರು ಸತ್ತ ಮಾಂಸ ಕತ್ತರಿಸಿ ತೆಗೆದರು. ಆಸ್ಪತ್ರೆಗೆ ಬನ್ನಿ, ಇಲ್ಲವೇ ಡ್ರೆಸ್ಸಿಂಗಿಗೆ ಒಬ್ಬ ನರ್ಸನ್ನು ಕಳಿಸುತ್ತೇನೆ ಎಂದರು. ಅಕ್ಕ ಎರಡನ್ನೂ ಬೇಡವೆಂದಳು.

ಅವರು ಹೋದ ಮೇಲೆ ತಂಗಿ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕುಸಿದು ಕೂತಳು. ಯಾಕೆ ನಿಜ ಹೇಳಲಿಲ್ಲ ಎಂದು ಕೇಳಿದಳು.

"ಹೇಳಿದ್ರೆ ನಿನ್ನನ್ನ ಇಲ್ಲಿಂದ ಕಳಿಸಿಬಿಡ್ತಾರೆ," ಎಂದಳು ಅಕ್ಕ. "ನೀನು ಹೋಗಿ ಆ ಅಂಗಡೀಲಿ ಗಾಜು ಉಜ್ಕೊಂಡು ಆರಾಮಾಗಿ ಇರ್ತೀಯ. ಅದು ಆಗಲ್ಲ."

ಡ್ರೆಸ್ಸಿಂಗ್ ದಿನಕ್ಕೆ ಎರಡು ಸಲ. ಪ್ರತಿ ಸಲವೂ ತಂಗಿ ಗಾಯ ತೆರೆದು, ಅಳೆದು, ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು. ಆಳ ಎಷ್ಟು, ಅಂಚು ಹೇಗಿದೆ, ಮೂಳೆ ಕಾಣುತ್ತಿದೆಯೇ. ಮಾತು ತಡೆದರೆ ಅಕ್ಕ ಮೊದಲಿನಿಂದ ಹೇಳಿಸುತ್ತಿದ್ದಳು. ಎರಡನೇ ತಿಂಗಳಲ್ಲಿ ಮೂಳೆ ಕಂಡ ದಿನ ಅದನ್ನು ಮೂರು ಸಲ ಹೇಳಿಸಿದಳು. ತಂಗಿ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡು ಬಂದು ನಾಲ್ಕನೇ ಸಲವೂ ಹೇಳಿದಳು. ಕನ್ನಡಕದ ಅಂಗಡಿಯವನು ಒಮ್ಮೆ ಬಾಗಿಲವರೆಗೆ ಬಂದು, ಅರ್ಧ ದಿನದ ಕೆಲಸವಾದರೂ ಮಾಡಿ, ಕೈ ಕುದುರಿದವರು ಸಿಗುತ್ತಿಲ್ಲ ಎಂದು ಕೇಳಿಕೊಂಡ. ಚಾವಣಿಯ ಸ್ಪೀಕರಿನಿಂದ ಏನೂ ಸದ್ದು ಬರಲಿಲ್ಲ. ತಂಗಿ ತಾನಾಗಿಯೇ ಆಗುವುದಿಲ್ಲ ಎಂದಳು.

ಏಳು ತಿಂಗಳಿಗೆ ಗಾಯ ಮುಚ್ಚಿತು. ಕೊನೆಯ ಸಲ ಬಂದ ಡಾಕ್ಟರ್ ಹೊಸ ಚರ್ಮವನ್ನು ಬೆರಳಿನಿಂದ ಸವರಿ ನೋಡಿ, ಆಸ್ಪತ್ರೆಯಲ್ಲೂ ಇಂಥದ್ದು ಇಷ್ಟು ಚೆನ್ನಾಗಿ ಮಾಗುವುದಿಲ್ಲ, ನಿಮ್ಮ ಕೈಗುಣ ದೊಡ್ಡದು ಎಂದು ತಂಗಿಯನ್ನು ಹೊಗಳಿದರು. ಇನ್ನು ಮುಂದೆಯಾದರೂ ಒಬ್ಬ ಆಯಾಳನ್ನು ಇಟ್ಟುಕೊಂಡು ಇವರಿಗೆ ಬಿಡುವು ಕೊಡಬಾರದೇ ಸಿಸ್ಟರ್ ಎಂದರು.

ಅಕ್ಕ ನಕ್ಕಳು. ಆ ಏಳು ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು.

"ಇವಳು ನನ್ನ ತಂಗಿ, ಡಾಕ್ಟ್ರೇ," ಎಂದಳು. "ನಾನು ಸಾಯೋವರೆಗೂ ಇವಳನ್ನ ಬಿಟ್ಟು ಬೇರೆ ಯಾರೂ ನನ್ನನ್ನ ಮುಟ್ಟಬಾರದು."

ಡಾಕ್ಟರಿಗೆ ಆ ಮಾತು ಹಿಡಿಸಿತು. ಇಬ್ಬರನ್ನೂ ನೋಡಿ ಕೈಮುಗಿದು ಹೊರಟರು. ತಂಗಿ ಗೇಟಿನವರೆಗೆ ಹೋಗಿ ಬೀಳ್ಕೊಟ್ಟಳು. ಡಾಕ್ಟರ ಕಾರು ರಸ್ತೆಯ ತಿರುವು ದಾಟುವವರೆಗೂ ಸರಳು ಹಿಡಿದು ನಿಂತಿದ್ದಳು. ಆಮೇಲೆ ಗಡಿಯಾರ ನೋಡಿ, ಮಗ್ಗುಲು ಬದಲಿಸುವ ಹೊತ್ತಾಯಿತೆಂದು ಒಳಗೆ ಹೋದಳು.