ಪಾದರಸ ಕಾದ ಒಂದೂವರೆ ನಿಮಿಷ

ಲಿಫ್ಟ್ ರಿಪೇರಿ ಮಾಡುವ ತಮ್ಮನನ್ನು ಎಲ್ಲರೂ ಕರೆಯುವುದು ಪಾದರಸ ಎಂದು. ಕೂತಲ್ಲಿ ಕೂರುವ ಆಸಾಮಿಯಲ್ಲ. ಯಾರೇ ಮಾತಾಡಲಿ, ಅರ್ಧಕ್ಕೇ ಕಿತ್ತುಕೊಂಡು ಉಳಿದದ್ದನ್ನು ತಾನೇ ಮುಗಿಸುತ್ತಾನೆ. ಟೀಚರ್ ಅಕ್ಕನ ಮಾತನ್ನಂತೂ ಮೂವತ್ತು ವರ್ಷದಿಂದ ಮುಗಿಸಿಕೊಂಡು ಬಂದಿದ್ದ. ಈಗ ಗಂಟಲಿನ ಆಪರೇಷನ್ ಆಗಿ ಅವಳ ದನಿಯೇ ಹೋಗಿತ್ತು.

ತನ್ನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ, ಅಕ್ಕ ಟೈಪ್ ಮಾಡಿದ್ದನ್ನು ಅದು ಜೋರಾಗಿ ಓದುವಂತೆ ಮಾಡಿಕೊಟ್ಟವನೂ ಅವನೇ. ಇವತ್ತು ಹತ್ತು ಗಂಟೆಗೆ ಅವಳು ಅದನ್ನು ಹಿಡಿದು ಹೆಡ್‌ಮಿಸ್ ಎದುರು ನಿಲ್ಲಬೇಕು. ಅವರು ಒಪ್ಪಿದರೆ ಕೆಲಸ ಉಳಿಯಿತು, ಇಲ್ಲವಾದರೆ ಮನೆಯೇ ಗತಿ.

ಎಂಟು ಗಂಟೆಗೆ ಆನ್ ಮಾಡಿದರೆ ಪರದೆ ಕಪ್ಪಗೆ ಕೂತುಬಿಟ್ಟಿತು. ನಿನ್ನೆ ಇವನೇ ಹೊಸ ಅಪ್‌ಡೇಟ್ ಹಾಕಿದ್ದ, ಯಾರೂ ಕೇಳಿರಲಿಲ್ಲ. ಇಪ್ಪತ್ತು ಎಣಿಸಿದ, ಬಟನ್ ಒತ್ತಿ ಆರಿಸಿದ, ಮತ್ತೆ ಹಚ್ಚಿದ. ಲಿಫ್ಟಿಗೆ ಈ ಮದ್ದು ನೂರಕ್ಕೆ ತೊಂಬತ್ತು ಸಲ ನಾಟುತ್ತದೆ. ಇಲ್ಲಿ ಐದು ಸಲವೂ ನಾಟಲಿಲ್ಲ.

ಕೊನೆಗೆ, ಅದು ಏಳುವಾಗ ಪಾಲಿಸುವ ಆದೇಶಗಳ ಸಾಲಿನ, ಅಂದರೆ ಬೂಟ್ ಸಾಲಿನ, ತುದಿಗೆ acpi=off ಎಂದು ಸೇರಿಸಿದ. ವಿದ್ಯುತ್ ನಿರ್ವಹಣೆಯನ್ನು ಹೆಚ್ಚುಕಡಿಮೆ ಪೂರ್ತಿ ಬಿಟ್ಟುಬಿಡು ಎಂದು ಹೇಳುವ ಮಾತದು. ಲ್ಯಾಪ್‌ಟಾಪ್ ಎದ್ದಿತು.

"ನೋಡ್ದ್ಯಾ ಅಕ್ಕ, ನಿನ್ನ ತಮ್ಮ ಅಂದ್ರೆ ಸುಮ್ನೇನಾ?" ಎಂದು ಜಂಭ ಕೊಚ್ಚಿದ.

ಅಕ್ಕ ಚಾರ್ಜರ್ ಕಿತ್ತು, ತರಗತಿಯಲ್ಲಿ ಓಡಾಡುವಂತೆ ಕೋಣೆಯಲ್ಲಿ ಓಡಾಡುತ್ತಾ ಟೈಪ್ ಮಾಡಿದಳು. "ಮಕ್ಕಳೇ, ಇವತ್ತಿನ ಪಾಠ..." ಎಂದ ಲ್ಯಾಪ್‌ಟಾಪ್ ಅಲ್ಲಿಗೇ ಸತ್ತಿತು. ಬ್ಯಾಟರಿ ಖಾಲಿಯಾಗಿತ್ತು, ಎಷ್ಟು ಉಳಿದಿದೆ ಎಂಬ ಗುರುತೇ ಪರದೆಯಲ್ಲಿ ಇರಲಿಲ್ಲ. ಎಲ್ಲವನ್ನೂ ಬಿಟ್ಟುಬಿಡು ಎಂದಾಗ ಅದನ್ನೂ ಬಿಟ್ಟಿತ್ತು. ಅವನ ಮುಖ ಸಪ್ಪಗಾಯಿತು.

ಒಂಬತ್ತಾಗಿತ್ತು. ಚಾರ್ಜರ್ ಸಿಕ್ಕಿಸಿ, ಬೂಟ್ ಸಾಲಿನಿಂದ acpi=off ಅಳಿಸಿ, ಜೊತೆಗೆ ಸದ್ದಿಲ್ಲದೆ ಏಳು ಎನ್ನುವ quiet ಎಂಬುದನ್ನೂ ತೆಗೆದ. ಲ್ಯಾಪ್‌ಟಾಪ್ ಏನು ಮಾಡುತ್ತಿದೆಯೆಂದು ಬಾಯಿಬಿಟ್ಟು ಹೇಳಲಿ ಎಂದು. ಬಿಳಿ ಸಾಲುಗಳು ದಡದಡ ಓಡಿ ಒಂದು ಕಡೆ ನಿಂತವು. ಹತ್ತು, ಹದಿನೈದು, ಇಪ್ಪತ್ತು. ಬೆರಳು ತಾನಾಗಿಯೇ ಬಟನ್ ಮೇಲೆ ಹೋಯಿತು.

ಅಕ್ಕ ಅವನ ಮಣಿಕಟ್ಟು ಹಿಡಿದಳು.

"ಬಿಡಕ್ಕ, ನಿಂತೋಗಿದೆ. ಟೈಮಿಲ್ಲ!"

ಅವಳು ಬಿಡಲಿಲ್ಲ. ಅವನ ಕಾಲು ನೆಲ ಕುಟ್ಟತೊಡಗಿತು, ಬೆವರು ಕಿವಿಯ ಹಿಂದೆ ಇಳಿಯಿತು. ಚಿಕ್ಕಂದಿನಲ್ಲಿ ರಸ್ತೆ ದಾಟಿಸುವಾಗಲೂ ಅವಳದು ಇದೇ ಹಿಡಿತ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಪೂರ್ತಿ ಒಂದು ಸುತ್ತು ಬಂದು, ಮತ್ತರ್ಧ ಸುತ್ತಿತು. ಆಗ ಪರದೆಯಲ್ಲಿ ಹೊಸ ಸಾಲೊಂದು ಮೂಡಿತು: ಡಿಸ್ಕ್ ಉತ್ತರ ಕೊಡುತ್ತಿಲ್ಲ.

ಅವನು ಆ ಸಾಲನ್ನು ಫೋನಿನಲ್ಲಿ ಹುಡುಕಿದ. ಹೊಸ ಅಪ್‌ಡೇಟ್ ವಿದ್ಯುತ್ ಉಳಿಸಲು ಡಿಸ್ಕನ್ನು ಮಲಗಿಸುತ್ತಿತ್ತು, ಮಲಗಿದ ಹಳೇ ಡಿಸ್ಕ್ ಏಳುತ್ತಿರಲಿಲ್ಲ. ಅದೊಂದು ಸೆಟ್ಟಿಂಗ್ ಆಫ್ ಮಾಡಿದರೆ ಸಾಕಿತ್ತು. ಮಾಡಿದ. ಅರ್ಧ ನಿಮಿಷದಲ್ಲಿ ಎಲ್ಲ ಎದ್ದು ಕೂತಿತು, ಮೂಲೆಯಲ್ಲಿ ಬ್ಯಾಟರಿಯ ಗುರುತೂ ಬಂತು. ಐದು ಸಲವೂ ಅದು ಇದನ್ನೇ ಹೇಳಹೊರಟಿತ್ತು, ತಾನೇ ಬಾಯಿ ಮುಚ್ಚಿಸಿದ್ದೆ ಎಂದು ಅವನಿಗೆ ನಾಚಿಕೆಯಾಯಿತು.

ಹೆಡ್‌ಮಿಸ್ ಕೋಣೆ ಸೇರುವಷ್ಟರಲ್ಲಿ ಬ್ಯಾಟರಿ ಅರ್ಧದಷ್ಟು ತುಂಬಿತ್ತು. ಅವರು ಕನ್ನಡಕ ತೆಗೆದು ಕೇಳಿದ್ದು ಒಂದೇ ಪ್ರಶ್ನೆ.

"ನೀವು ಟೈಪ್ ಮಾಡಿ ಮುಗಿಸೋ ತನಕ ಮಕ್ಕಳು ಕಾಯ್ತಾರಾ ಟೀಚರ್?"

ಅಕ್ಕ ಟೈಪ್ ಮಾಡತೊಡಗಿದಳು. ಕೀಲಿಮಣೆ ಟಕಟಕ ಎನ್ನುತ್ತಲೇ ಇತ್ತು. ಬಾಗಿಲ ಬಳಿ ನಿಂತಿದ್ದ ಪಾದರಸನ ನಾಲಗೆಯ ತುದಿಯಲ್ಲಿ ಉತ್ತರ ಕುಣಿಯುತ್ತಿತ್ತು: ಕಾಯ್ತಾರೆ ಮೇಡಂ, ಯಾಕೆ ಕಾಯಲ್ಲ, ಅಕ್ಕ ಅಂದ್ರೆ ಅವರಿಗೆ ಪ್ರಾಣ. ಬಾಯಿ ತೆರೆದ. ಚಾರ್ಜರ್ ವೈರನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡು ಬಾಯಿ ಮುಚ್ಚಿದ.

ಲ್ಯಾಪ್‌ಟಾಪ್ ಮಾತಾಡಿತು. "ಬಾಗಿಲಲ್ಲಿ ನಿಂತಿರೋದು ನನ್ನ ತಮ್ಮ, ಯಾರ ಮಾತೂ ಮುಗಿಯೋಕೆ ಬಿಡದವನು. ಇವತ್ತು ಅವನೇ ಕಾದಿದ್ದಾನೆ. ಮಕ್ಕಳು ಕಾಯಲ್ವಾ ಮೇಡಂ?"

ಹೆಡ್‌ಮಿಸ್ ಬಾಗಿಲ ಕಡೆ ನೋಡಿದರು. ವೈರು ಸುತ್ತಿದ ಬೆರಳು ಕೆಂಪಗಾಗಿತ್ತು, ಕಾಲು ಇನ್ನೂ ನೆಲ ಕುಟ್ಟುತ್ತಿತ್ತು. ಅವರಿಗೆ ನಗು ತಡೆಯಲಾಗಲಿಲ್ಲ.

"ಮುಂದಿನ ಪೀರಿಯಡ್ ಏಳನೇ ಕ್ಲಾಸು," ಎಂದರು. "ಹೋಗಿ ಟೀಚರ್."