ರುದ್ರಮ್ಮ ಮೇಡಂ ಅಂಟಿಸಿದ ಚೀಟಿ

ರುದ್ರಮ್ಮ ಮೇಡಂ ಅವರ ಮನೆಯಲ್ಲಿ ಸಹಿಯಿಲ್ಲದ ಮುಚ್ಚಳವಿರಲಿಲ್ಲ. ಉಪ್ಪಿನಕಾಯಿಯ ಜಾಡಿ, ಹುರಿಹಿಟ್ಟಿನ ಡಬ್ಬ, ಮಾತ್ರೆಗಳ ಪೆಟ್ಟಿಗೆ, ಎಲ್ಲದರ ಅಂಚಿಗೂ ಬೆರಳಗಲದ ಕಾಗದದ ಚೀಟಿಯೊಂದು ಅರ್ಧ ಮುಚ್ಚಳಕ್ಕೂ ಅರ್ಧ ಒಡಲಿಗೂ ಅಂಟಿಕೊಂಡಿರುತ್ತಿತ್ತು. ಅದರ ಮೇಲೆ ಅಡ್ಡಲಾಗಿ ಅವರ ಸಹಿ, ಕೆಳಗೆ ತಾರೀಖು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಹಲವು ಮಾರ್ಚ್ ತಿಂಗಳುಗಳನ್ನು ಪರೀಕ್ಷಾ ಕೇಂದ್ರದ ಮುಖ್ಯಸ್ಥೆಯಾಗಿ ಪ್ರಶ್ನೆಪತ್ರಿಕೆಯ ಮೊಹರುಗಳೆದುರು ಕಳೆದವರು ಅವರು. ನಿವೃತ್ತಿಯ ಮೇಲೆ ಬಾಣಾವರದ ಸ್ಟೇಷನ್ ರಸ್ತೆಯಲ್ಲಿ, ಏಪ್ರಿಲ್ ಬಿಸಿಲಿಗೂ ಬಿಚ್ಚದ ಕಂದು ಸ್ವೆಟರಿನ ಒಳಜೇಬಿನಲ್ಲಿ ಬೀಗದ ಕೈಗಳನ್ನು ಅದುಮಿ ಹಿಡಿದು, ಹತ್ತು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತ, ಗೋಡೆಯ ಮಗ್ಗುಲಲ್ಲೇ ನಡೆದು ಹೋಗುತ್ತಿದ್ದರು. ಯಾರು ಏನು ಹೇಳಿದರೂ ಅವರ ಮೊದಲ ಮಾತು ಒಂದೇ: "ಅದು ನಿಮಗೆ ಹೇಗೆ ಗೊತ್ತು?" ಅರಸೀಕೆರೆ ಬಸ್ಸು ಹೊರಟುಹೋಯಿತೆಂದು ಹೇಳಬೇಕಾದರೂ ನಾವು ಬಾಣಾವರದವರು ಉತ್ತರ ಸಿದ್ಧಮಾಡಿಕೊಂಡೇ ಅವರನ್ನು ಮಾತಾಡಿಸುತ್ತಿದ್ದೆವು.

ಇಂಥವರ ಬಾಳಿನಲ್ಲಿ ಒಂದೇ ಒಂದು ಮೊಹರು ಕೈಕೊಟ್ಟಿತ್ತು. ಹದಿಮೂರು ವರ್ಷದ ಹಿಂದೆ, ಹಾರನಹಳ್ಳಿಯ ಕೇಂದ್ರದಲ್ಲಿ ಗಣಿತದ ಪ್ರಶ್ನೆಪತ್ರಿಕೆಗಳ ಕಟ್ಟನ್ನು ಒಡೆಯುವಾಗ ಅದರ ಒಂದು ಮೂಲೆ ಮೊದಲೇ ಸೀಳಿತ್ತು. ಜವಾನರಾಗಿದ್ದ ಕೆಂಚಯ್ಯ ಅದನ್ನು ಹೊತ್ತು ತಂದಿದ್ದರು, ಮೇಡಂ ತೆಗೆದುಕೊಂಡಿದ್ದರು. ನಡುವೆ ಮೂರನೆಯ ಕೈಯಿರಲಿಲ್ಲ. ಪ್ರಶ್ನೆಗಳು ಸೋರಿದವೇ ಎಂಬ ವಿಚಾರಣೆ ನಡೆದು, ಯಾರ ಮೇಲೂ ಆರೋಪ ಸಾಬೀತಾಗಿಲ್ಲವೆಂದು ಮುಗಿಯಿತು. ಆ ವಾಕ್ಯ ಇಬ್ಬರಲ್ಲಿ ಒಬ್ಬರನ್ನೂ ಬಿಡುಗಡೆ ಮಾಡಲಿಲ್ಲ. ಹದಿನೆಂಟು ವರ್ಷ ಒಂದೇ ಶಾಲೆಯಲ್ಲಿ ದುಡಿದು, ಒಬ್ಬರ ಬುತ್ತಿ ಇನ್ನೊಬ್ಬರು ಉಂಡವರು, ಮಾತು ಬಿಟ್ಟರು.

ಆ ವರ್ಷ ಕೇಂದ್ರದಲ್ಲಿ ವಿಡಿಯೋ ತೆಗೆಸಿದ್ದರು. ಕೆಂಚಯ್ಯ ಕಟ್ಟನ್ನು ಮೇಜಿನ ಮೇಲಿಟ್ಟ ಗಳಿಗೆಯಲ್ಲಿ ಆ ಮೂಲೆ ಹೇಗಿತ್ತೆಂಬುದು ಅದರಲ್ಲಿ ಕಾಣಲೇಬೇಕು. ಅದರ ಸಿಡಿಯೊಂದು ಮೇಡಂಗೆ ದೊರೆತಿತ್ತು; ವಿಚಾರಣೆಗೆ ಹಾಜರುಪಡಿಸಬೇಕಾದ ಸಾಕ್ಷ್ಯವೆಂದು, ತಾವೂ ನೋಡದೆ ಮೊಹರು ಮಾಡಿದರು. ಡಬ್ಬಿಗೆ ಚೀಟಿ ಅಂಟಿಸಿದರೆ ಒಳಗಿನ ತಟ್ಟೆಯನ್ನು ಯಾರಾದರೂ ಬದಲಿಸಿಬಿಟ್ಟರೆ? ಆದ್ದರಿಂದ ತಟ್ಟೆಯ ಬೆನ್ನಿಗೇ ದಪ್ಪಗೆ ಗೋಂದು ಸವರಿ, ಚೀಟಿ ಅಂಟಿಸಿ, ಸಹಿ ಹಾಕಿದರು. ಆ ಸಿಡಿಯನ್ನು ಕೊಡಿರೆಂದು ವಿಚಾರಣೆಯಲ್ಲಿ ಯಾರೂ ಕೇಳಲಿಲ್ಲ.

ಈ ವರ್ಷ ಕೆಂಚಯ್ಯ ಮಗಳು ದಿವ್ಯಾಳ ಮದುವೆಯ ಕಾರ್ಡು ಹಿಡಿದು ಬಾಗಿಲಿಗೆ ಬಂದರು. "ನೀವು ಬರದೇ ಇದ್ರೆ ನಂಗೆ ಸಮಾಧಾನ ಇಲ್ಲ ಕಣವ್ವ," ಎಂದಷ್ಟೇ ಹೇಳಿ ಹೋದರು. ಮೇಡಂ ಕಾರ್ಡನ್ನು ಅಂಚಿನಿಂದ ಹಿಡಿದು ಎರಡೂ ಬದಿ ತಿರುಗಿಸಿ ನೋಡಿದರು. ಸೀಳಿದ್ದು ಇವರೇ ಆಗಿದ್ದರೆ ಇವರ ಮನೆಯಲ್ಲಿ ಉಣ್ಣುವುದು ಹೇಗೆ? ಆಗಿರದಿದ್ದರೆ, ಇಷ್ಟು ವರ್ಷ ಮುಖ ತಿರುಗಿಸಿದ್ದಕ್ಕೆ ಈಗ ಮುಖ ತೋರಿಸುವುದು ಹೇಗೆ? ಮದುವೆಗೆ ಮೊದಲು ಆ ಸಿಡಿಯನ್ನು ನೋಡಲೇಬೇಕಾಯಿತು. ಆದರೆ ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಸಿಡಿ ಡ್ರೈವ್ ಇರಲಿಲ್ಲ. ಆ ಜಾಗಕ್ಕೊಂದು ಬರಿಯ ಪ್ಲಾಸ್ಟಿಕ್ ಮುಚ್ಚಳ, ಅದಕ್ಕೂ ಒಂದು ಚೀಟಿ.

ಅರಸೀಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಮಧುಕುಮಾರ್ ನಕ್ಕ. "ಡ್ರೈವ್ ಯಾಕೆ ಮೇಡಂ? ಸಿಡಿ ಕೊಡಿ, ಪೆನ್ ಡ್ರೈವ್‌ಗೆ ಹಾಕ್ಕೊಡ್ತೀನಿ. ಐದು ನಿಮಿಷದ ಕೆಲ್ಸ."

"ಐದೇ ನಿಮಿಷ ಅಂತ ನಿಮಗೆ ಹೇಗೆ ಗೊತ್ತು? ಅಷ್ಟು ಹೊತ್ತು ಅದು ಯಾರ ಕಣ್ಣೆದುರು ಇರುತ್ತೆ?"

"ಹಾಗಾದ್ರೆ ಸಿಪಿಯು ತಂದ್ಬಿಡಿ, ಹಾಕಿಟ್ಟಿರ್ತೀನಿ."

"ನೀವೇ ಬನ್ನಿ. ಬೆಳಕಿರುವಾಗ ಬನ್ನಿ."

ಅವನು ಹಳೆಯ ಡ್ರೈವೊಂದನ್ನು ಹುಡುಕಿ ತಂದ. ಕೆಲಸ ನಡೆದದ್ದು ಊಟದ ಮೇಜಿನ ಮೇಲೆ, ಪಕ್ಕದ ಮನೆಯ ಮಾಲಿನಿಯ ಸಮಕ್ಷಮದಲ್ಲಿ. ಕಂಪ್ಯೂಟರಿನ ಚೀಟಿ ಹರಿದಿಲ್ಲವೆಂದು ಮಾಲಿನಿ ಬರೆದು ಸಹಿ ಮಾಡಿದ ಮೇಲೆಯೇ ಮೊದಲ ತಿರುಪು ಬಿಚ್ಚಬೇಕಾಯಿತು. ಬಿಚ್ಚಿದ ತಿರುಪುಗಳು ಸ್ಟೀಲ್ ತಟ್ಟೆಗೆ ಬೀಳಬೇಕಾಯಿತು.

"ಇದೇನು ಮೇಡಂ, ಎಸೆಸೆಲ್ಸಿ ಪರೀಕ್ಷೆನಾ?" ಎಂದ ಮಧುಕುಮಾರ್.

"ಹೌದು," ಎಂದರು ಮೇಡಂ, ನಗದೆ.

ಮುಚ್ಚಳ ಕಳಚಿ, ಡ್ರೈವನ್ನು ಒಳಕ್ಕೆ ತಳ್ಳಿ, ಅಗಲವಾದ ಪಟ್ಟಿಯಂಥ ಕೇಬಲ್ಲನ್ನು ಸಿಕ್ಕಿಸಿ, ಅವನು ತನ್ನದೇ ಒಂದು ಸಿಡಿಯಿಂದ ಹಾಡು ಕೇಳಿಸಿ ತೋರಿಸಿದ. ಬಳಿಕ ಮೇಡಂ ಒಳಗಿನಿಂದ ತಂದ ಸಿಡಿಯನ್ನು ಕಂಡು ಅವನ ಮುಖ ಸಪ್ಪಗಾಯಿತು.

"ಅಯ್ಯೋ, ಇದ್ರ ಮೇಲೇ ಯಾಕೆ ಅಂಟಿಸಿದ್ರಿ? ಇದಿದ್ರೆ ಒಳಗೆ ಸರಿಯಾಗಿ ತಿರುಗಲ್ಲ. ಕೊಡಿ ಇಲ್ಲಿ, ಸುಮ್ನೆ ಕಿತ್ರೆ—"

ಅವನ ಕೈ ಮುಂದೆ ಬಂದದ್ದೇ ತಡ, ಮೇಡಂ ಸಿಡಿಯನ್ನು ಎದೆಗೆ ಎಳೆದುಕೊಂಡರು. ಅವನ ಮಾತು ಮುಗಿಯುವ ಮುನ್ನವೇ, ಪ್ರಶ್ನೆಪತ್ರಿಕೆಯ ಮೊಹರು ಬಿಡಿಸಿ ಪಳಗಿದ ಉಗುರಿನಿಂದ ಚೀಟಿಯ ತುದಿಯನ್ನು ಎಬ್ಬಿಸಿ, ಒಂದೇ ಸಮನೆ ಎಳೆದರು. ಚೀಟಿ ಇಡಿಯಾಗಿ ಬಂತು. ಅದರ ಬೆನ್ನಿಗಂಟಿ ಸಿಡಿಯ ಬೆಳ್ಳಿಯ ಹೊಳಪೂ ಬಂತು. ಸಿಡಿಯ ಮೇಲೆ ಉಳಿದ, ಗಾಜಿನಂತೆ ಪಾರದರ್ಶಕವಾದ ಪಟ್ಟಿಯಲ್ಲಿ ಮೇಜಿನ ಹೊದಿಕೆಯ ಹೂಗಳು ಕಾಣುತ್ತಿದ್ದವು.

"ಡೇಟಾ ಇರೋದೇ ಆ ಪದರದಲ್ಲಿ ಮೇಡಂ," ಎಂದ ಮಧುಕುಮಾರ್, ಮೆಲ್ಲಗೆ.

ಆದರೂ ಹಾಕಿ ನೋಡಿದ. ಡ್ರೈವು ಮೂರು ಸಲ ಗರಗರನೆ ತಿರುಗಿ, ಸಿಡಿಯನ್ನು ಹೊರಕ್ಕೆ ನೀಡಿತು. ಮೇಡಂ ಮೊದಲು ಅವನನ್ನು ನೋಡಿದರು, ಆಮೇಲೆ ಮಾಲಿನಿಯನ್ನು, ಕಡೆಗೆ ತಮ್ಮ ಉಗುರನ್ನು. ಅಲ್ಲಿದ್ದ ಮೂವರಲ್ಲಿ ಸಂಶಯಕ್ಕೆ ಯೋಗ್ಯರಾದವರು ಒಬ್ಬರೇ ಇದ್ದರು.

ಅಂದೇ ಮಧ್ಯಾಹ್ನದ ಬಸ್ಸಿಗೆ ಹಾರನಹಳ್ಳಿಗೆ ಹೋದರು. ಕೆಂಚಯ್ಯ ಅಂಗಳದಲ್ಲಿ ಚಪ್ಪರಕ್ಕೆ ತೆಂಗಿನ ಗರಿ ಹೆಣೆಯುತ್ತಿದ್ದರು. ಮೇಡಂ ಕೂರಲಿಲ್ಲ.

"ಕೆಂಚಯ್ಯ, ಆ ಮೂಲೆ ಸೀಳಿದ್ದು ನೀವಾ?"

ಕೆಂಚಯ್ಯ ಗರಿಯನ್ನು ಕೆಳಗಿಟ್ಟರು. "ಇಷ್ಟು ವರ್ಸ ಬೇಕಾಯ್ತಾ ಅವ್ವಾ, ಇದೊಂದ್ ಮಾತಿಗೆ? ನಾನಲ್ಲ. ನೀವೇ ಇರ್ಬೇಕು ಅಂತ ನಾನೂ ಅಂದ್ಕಂಡಿದ್ದೆ. ಕೇಳಾಕೆ ಅಂತ ಎರಡು ಸಲ ಬಾಣಾವರಕ್ಕೆ ಬಂದು, ನಿಮ್ಮ ಬಾಗ್ಲಿಗೆ ಹಾಕಿದ್ ಬೀಗ ನೋಡಿ ವಾಪಸ್ ಬಂದೆ. ಆಮೇಲೆ, ಯಾರಾದ್ರೂ ಆಗ್ಲಿ, ಸಾಯ್ಲಿ ಅತ್ಲಾಗೆ ಅನ್ನಿಸ್ತು. ಕಾರ್ಡ್ ತಂದೆ."

ಮೇಡಂ ಅವರ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಯಾವ ಮಾತು ಬರುವುದೆಂದು ಕೆಂಚಯ್ಯನವರಿಗೂ ಗೊತ್ತಿತ್ತು, ಕಾದರು. ಅದು ಬರಲಿಲ್ಲ. "ಕಾಫಿ ಕೊಡ್ಸಿ," ಎಂದರು ಮೇಡಂ, ಜಗಲಿಯ ಮೇಲೆ ಕೂರುತ್ತ.

ಸಂಶಯದ ಮನುಷ್ಯರನ್ನು ಕಲ್ಲೆದೆಯವರೆಂದು ಜನ ತಿಳಿಯುತ್ತಾರೆ. ತಮಗೆ ಅತ್ಯಂತ ಬೆಲೆಯುಳ್ಳದ್ದರ ಮೇಲೆಯೇ ಅವರು ಅತ್ಯಂತ ಗಟ್ಟಿಯಾದ ಗೋಂದು ಸವರುತ್ತಾರೆಂಬುದನ್ನು ಯಾರೂ ಗಮನಿಸುವುದಿಲ್ಲ. ಸಾಕ್ಷಿಯಿಲ್ಲದ ಒಂದು ಮಾತನ್ನು ಬರಿಗೈಯಲ್ಲಿ ಸ್ವೀಕರಿಸಲು ಅಂಥವರಿಗೆ ಬೇಕಾಗುವ ಧೈರ್ಯ, ಎಲ್ಲರನ್ನೂ ಸುಲಭವಾಗಿ ನಂಬುವ ನಮ್ಮಂಥವರಿಗೆ ಎಂದೂ ಬೇಕಾಗಿರುವುದಿಲ್ಲ.